‘ತಿಳಿಸ್ತೀವಿ’ ಅಂದ ಮೇಲೆ ತಿಳಿಸಬೇಕು

ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ 2026ರ ಜನವರಿ 1ರಿಂದ ಒಂದು ಹೊಸ ನಿಯಮ ಜಾರಿಗೆ ಬಂದಿದೆ. 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯೊಂದು ಬಹಿರಂಗವಾಗಿ ಜಾಹೀರಾತು ಕೊಟ್ಟು ಸಂದರ್ಶನ ನಡೆಸಿದರೆ, ಸಂದರ್ಶನಕ್ಕೆ ಬಂದ ಪ್ರತಿಯೊಬ್ಬರಿಗೂ ಅವರ ಕೊನೆಯ ಸುತ್ತು ಮುಗಿದ 45 ದಿನಗಳ ಒಳಗೆ ಆ ಹುದ್ದೆಯ ವಿಚಾರ ತೀರ್ಮಾನವಾಯಿತೋ ಇಲ್ಲವೋ ಎಂದು ತಿಳಿಸಲೇಬೇಕು. ಎದುರಿಗೆ ಹೇಳಬಹುದು, ಪತ್ರ ಬರೆಯಬಹುದು, ಇ-ಮೇಲ್ ಕಳಿಸಬಹುದು. ಹೇಳಿದ್ದಕ್ಕೆ ದಾಖಲೆಯನ್ನು ಮೂರು ವರ್ಷ ಜೋಪಾನ ಮಾಡಬೇಕು. ಟೊರೊಂಟೊ, ಬ್ರಾಂಪ್ಟನ್, ಮಿಸಿಸಾಗಾ ಕಡೆ ಕೆಲಸ ಹುಡುಕುತ್ತಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರಿಗೂ ಈಗ ಇದರ ಆಸರೆ ಇದೆ. ದಕ್ಷಿಣ ಕೊರಿಯಾ ಈ ಕೆಲಸವನ್ನು 2014ರಲ್ಲೇ ಮಾಡಿತ್ತು. ಅಲ್ಲಿನ ನೇಮಕಾತಿ ಕಾಯ್ದೆ 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಯಾರನ್ನು ತೆಗೆದುಕೊಳ್ಳುವುದೆಂದು ಗಟ್ಟಿಯಾದ ಮೇಲೆ ಅರ್ಜಿದಾರರಿಗೆ ತಡಮಾಡದೆ ಹೇಳಬೇಕು ಎನ್ನುತ್ತದೆ.

ಮನೆಗೆ ಕರೆಸಿ ಕೂರಿಸಿ ಮಾತಾಡಿಸಿದವರಿಗೆ ಫಲಿತಾಂಶ ಹೇಳಿ ಎನ್ನುವುದಕ್ಕೂ ಕಾನೂನು ಬೇಕಾಯಿತು ಎಂದರೆ ಈ ಮೌನ ಎಷ್ಟು ದೂರ ಹಬ್ಬಿದೆ ಎಂದು ಊಹಿಸಬಹುದು. ನಮ್ಮ ದೇಶದಲ್ಲಿ ಖಾಸಗಿ ಕಂಪನಿಗಳಿಗೆ ಅಂಥ ಕಟ್ಟಳೆ ಯಾವುದೂ ಇಲ್ಲ. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡವಿರಲಿ, ಪೀಣ್ಯದ ಶೆಡ್ಡಿರಲಿ, ಸಂದರ್ಶನ ಮುಗಿಸಿ ಎದ್ದವರಿಗೆ ಕೇಳಿಸುವ ಕೊನೆಯ ಮಾತು ಒಂದೇ: ‘ತಿಳಿಸ್ತೀವಿ.’ ಆಮೇಲೆ ತಿಳಿಸುವುದು ಆಯ್ಕೆಯಾದ ಒಬ್ಬರಿಗೆ ಮಾತ್ರ. ಉಳಿದವರು ತಮಗೆ ಕೆಲಸ ಸಿಗಲಿಲ್ಲ ಎನ್ನುವುದನ್ನು ಕ್ಯಾಲೆಂಡರ್ ನೋಡಿಯೇ ಅರ್ಥ ಮಾಡಿಕೊಳ್ಳಬೇಕು.

ಆಯ್ಕೆಯಾಗದವರಿಗೆ ‘ಇಲ್ಲ’ ಎಂದು ಬೇಗ, ಮರ್ಯಾದೆಯಿಂದ ಹೇಳುವುದು ನೇಮಕಾತಿ ಕೆಲಸದ ಒಳಗೇ ಸೇರಿದ ಭಾಗ, ಪುರುಸೊತ್ತಿದ್ದಾಗ ಮಾಡುವ ಉಪಕಾರವೆಂದು ಅದನ್ನು ಎಣಿಸಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಕಾರಣ ಸರಳ. ಕಾಯುತ್ತಿರುವವರು ಸುಮ್ಮನೆ ಕಾಯುತ್ತಿರುವುದಿಲ್ಲ, ಕಾಯುತ್ತಲೇ ನಿರ್ಧಾರಗಳನ್ನು ಮಾಡುತ್ತಿರುತ್ತಾರೆ.

ಕೊಪ್ಪಳ ಜಿಲ್ಲೆಯ ಹುಡುಗಿಯೊಬ್ಬಳು ನನಗೆ ಗೊತ್ತು. ಬಿ.ಕಾಂ. ಮುಗಿಸಿ, ಟ್ಯಾಲಿ ಕಲಿತು, ಬೆಂಗಳೂರಿನ ಕಂಪನಿಯೊಂದರ ಅಕೌಂಟ್ಸ್ ವಿಭಾಗದ ಕೆಲಸಕ್ಕೆ ಮೂರು ಸುತ್ತು ಹೋಗಿ ಬಂದಳು. ಮೂರನೆಯ ಸುತ್ತಿನಲ್ಲಿ ಸಂಬಳದ ಮಾತೂ ಬಂತು, ಯಾವಾಗ ಸೇರಬಹುದು ಎಂದೂ ಕೇಳಿದರು. ಇನ್ನೇನು ಆಗೇಹೋಯಿತು ಎಂದುಕೊಂಡು ಬಿಟಿಎಂ ಲೇಔಟಿನ ಪಿ.ಜಿ.ಯಲ್ಲಿ ಇನ್ನೊಂದು ತಿಂಗಳ ಬಾಡಿಗೆ ಕಟ್ಟಿದಳು. ಅದೇ ಹೊತ್ತಿಗೆ ಹುಬ್ಬಳ್ಳಿಯ ಆಡಿಟರ್ ಆಫೀಸಿನಿಂದ ಕರೆ ಬಂದಿತ್ತು. ಸಂಬಳ ಕಡಿಮೆ, ಆದರೆ ಮನೆಗೆ ಹತ್ತಿರ. ಇಲ್ಲಿನ ಉತ್ತರ ಬರಲಿ ಎಂದು ಅದನ್ನು ಮುಂದೂಡಿದಳು, ಆ ಜಾಗ ಬೇರೆಯವರ ಪಾಲಾಯಿತು. ಪ್ರತಿ ರಾತ್ರಿ ತಾಯಿಯ ಫೋನು.

“ಏನಾತವಾ, ಫೋನ್ ಬಂತೇನು?”

“ಇಲ್ಲಬೇ ಯವ್ವಾ, ಇನ್ನಾ ಬಂದಿಲ್ಲ.”

“ಹೇಳ್ತೀವಿ ಅಂದಾರಲ್ಲ, ಹೇಳ್ತಾರ ತಗೋ.”

ಹೇಳಲಿಲ್ಲ. ಅವಳು ಎರಡು ಸಲ ಮೇಲ್ ಮಾಡಿದಳು. ಎಚ್.ಆರ್. ಮೇಡಂ ನಂಬರಿಗೆ ವಾಟ್ಸ್‌ಆ್ಯಪ್ ಕಳಿಸಿದಳು. ಎರಡು ನೀಲಿ ಗೆರೆ ಬಿದ್ದವು, ಅಷ್ಟೆ. ತಿಂಗಳು ಕಳೆದ ಮೇಲೆ ಅದೇ ಹುದ್ದೆಯ ಜಾಹೀರಾತು ಪೋರ್ಟಲಿನಿಂದ ಮಾಯವಾದಾಗ ಅವಳಿಗೆ ಗೊತ್ತಾಯಿತು. ಸಂದರ್ಶನ ಮಾಡಿದವರು ಕೆಟ್ಟವರೇನಲ್ಲ, ಮೂರೂ ಸಲ ಕಾಫಿ ಕೊಟ್ಟು ಚೆನ್ನಾಗಿಯೇ ಮಾತಾಡಿಸಿದ್ದರಂತೆ. ಆದರೆ ಎರಡು ಸಾಲಿನ ಒಂದು ಮೇಲ್ ಬಂದಿದ್ದರೆ ಅವಳಿಗೆ ಒಂದು ತಿಂಗಳ ಬಾಡಿಗೆಯೂ ಹುಬ್ಬಳ್ಳಿಯ ಒಂದು ಕೆಲಸವೂ ಉಳಿಯುತ್ತಿದ್ದವು.

‘ಆಗಲಿಲ್ಲ’ ಎಂದು ಗೊತ್ತಾದರೆ ನೋವಾಗುತ್ತದೆ, ಗೊತ್ತಾಗದಿದ್ದರೆ ಅಷ್ಟು ನೋವಿಲ್ಲ ಎಂದು ಎಷ್ಟೋ ಜನ ಪ್ರಾಮಾಣಿಕವಾಗಿಯೇ ನಂಬಿದ್ದಾರೆ. ಮನಸ್ಸು ಹಾಗೆ ಕೆಲಸ ಮಾಡುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ 45 ಮಂದಿ ಕಂಪ್ಯೂಟರಿನ ಮುಂದೆ ಕೂತು ಪರದೆಯ ಮೇಲಿನ ಕಲ್ಲುಗಳ ಕೆಳಗೆ ಹಾವಿದೆಯೋ ಇಲ್ಲವೋ ಎಂದು ಊಹಿಸುವ ಆಟ ಆಡಿದರು. ಹಾವಿದ್ದರೆ ಕೈಗೆ ನೋಯುವಷ್ಟು ವಿದ್ಯುತ್ ಶಾಕ್. ಅವರ ಬೆವರು, ಕಣ್ಣಿನ ಪಾಪೆಯ ಹಿಗ್ಗುವಿಕೆ ಎಲ್ಲವನ್ನೂ ಅಳೆದು ನೋಡಿದಾಗ, ಶಾಕ್ ಹೊಡೆದೇ ಹೊಡೆಯುತ್ತದೆ ಎಂದು ಖಚಿತವಾಗಿದ್ದಾಗ ಒತ್ತಡ ಕಡಿಮೆ ಇತ್ತು. ಹೊಡೆಯಬಹುದು, ಹೊಡೆಯದೆಯೂ ಇರಬಹುದು ಎಂಬ ಸರಿ ಅರ್ಧದ ಅನುಮಾನವಿದ್ದಾಗ ಅತಿ ಹೆಚ್ಚಿತ್ತು. ಇಂಟರ್‌ವ್ಯೂ ಕೊಟ್ಟು ಕೂತವರ ಮನೆಗಳಲ್ಲಿ ಇದನ್ನು ಅಳೆಯಲು ಯಂತ್ರವೇ ಬೇಕಿಲ್ಲ. ಗುರುತಿಲ್ಲದ ನಂಬರಿನಿಂದ ಕರೆ ಬಂದಾಗ ಅವರು ಫೋನೆತ್ತುವ ವೇಗ ನೋಡಿದರೆ ಸಾಕು.

ಹಾಗಾದರೆ ಕಂಪನಿಗಳು ಯಾಕೆ ಸುಮ್ಮನಿರುತ್ತವೆ? ಸೊಕ್ಕು ಎಂದು ಬೈದು ಮುಗಿಸಿದರೆ ವಿಷಯ ಅರ್ಧ ಮಾತ್ರ ತಿಳಿದಂತೆ. ಈ ಮೌನಕ್ಕೆ ನಮ್ಮ ಊರಿನದೇ ಆದ ಕಾರಣಗಳಿವೆ, ಅದರಲ್ಲಿ ದೊಡ್ಡದು ನೋಟಿಸ್ ಪೀರಿಯಡ್.

ಬೆಂಗಳೂರಿನ ಐ.ಟಿ. ಮತ್ತು ಅದರ ಸುತ್ತಲಿನ ಕಂಪನಿಗಳಲ್ಲಿ ಕೆಲಸ ಬಿಡುವವರು 60 ಅಥವಾ 90 ದಿನ ಮುಂಚೆ ತಿಳಿಸಬೇಕೆಂಬ ಷರತ್ತು ಮಾಮೂಲು. ಐವರು ಕೊನೆಯ ಸುತ್ತಿಗೆ ಬಂದರು ಎನ್ನಿ. ಮೊದಲ ಸ್ಥಾನದವರಿಗೆ ಆಫರ್ ಲೆಟರ್ ಹೋಯಿತು. ಅವರು ಒಪ್ಪಿದರು. ಆದರೆ ಬಂದು ಸೇರುವುದು ಮೂರು ತಿಂಗಳ ಮೇಲೆ. ಆ ಮೂರು ತಿಂಗಳಲ್ಲಿ ಅವರು ಅದೇ ಪತ್ರ ಹಿಡಿದು ಇನ್ನೊಂದು ಕಡೆ ಹೆಚ್ಚು ಸಂಬಳ ಕೇಳಬಹುದು, ಹಳೆಯ ಕಂಪನಿಯೇ ಏರಿಸಿ ಕೊಟ್ಟು ಉಳಿಸಿಕೊಳ್ಳಬಹುದು. ರೆಕ್ರೂಟರ್ ವಾರಕ್ಕೊಮ್ಮೆ ಫೋನ್ ಮಾಡಿ “ಸರ್, ಜಾಯ್ನ್ ಆಗ್ತೀರಲ್ಲ?” ಎಂದು ವಿಚಾರಿಸುತ್ತಿರುತ್ತಾರೆ. ಸೇರಬೇಕಾದ ಸೋಮವಾರ ಬೆಳಿಗ್ಗೆ ಆ ಫೋನು ಸ್ವಿಚ್ ಆಫ್ ಆಗಿರುವುದೂ ಉಂಟು. ಈ ಹೆದರಿಕೆಯಿಂದ ಎರಡನೆಯ, ಮೂರನೆಯ ಸ್ಥಾನದವರನ್ನು ‘ಹೋಲ್ಡ್’ನಲ್ಲಿ ಇಡುತ್ತಾರೆ. ಇಲ್ಲ ಎಂದು ಹೇಳಿಬಿಟ್ಟರೆ ನಾಳೆ ಬೇಕಾದಾಗ ಯಾವ ಮುಖದಿಂದ ಕರೆಯುವುದು ಎಂಬುದು ಅವರ ಲೆಕ್ಕ. ಹಾಗಾಗಿ ಹೌದು ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ. ಕೇಳಿದರೆ, “ನಿಮ್ಮ ಪ್ರೊಫೈಲ್ ಪ್ರೊಸೆಸ್‌ನಲ್ಲಿದೆ.”

ಈ ಲೆಕ್ಕ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಎರಡನೆಯ ಸ್ಥಾನದಲ್ಲಿರುವವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದು: “ಬೇರೊಬ್ಬರಿಗೆ ಆಫರ್ ಕೊಟ್ಟಿದ್ದೇವೆ. ಅವರು ಬರದಿದ್ದರೆ ಮೊದಲು ಕರೆಯುವುದು ನಿಮ್ಮನ್ನೇ. ಆದರೆ ನೀವು ನಮಗಾಗಿ ಕಾಯಬೇಡಿ, ಬೇರೆ ಕಡೆ ಸಿಕ್ಕಿದರೆ ಸೇರಿಕೊಳ್ಳಿ.” ಇಷ್ಟು ಹೇಳಿಸಿಕೊಂಡವರನ್ನು ಎರಡು ತಿಂಗಳ ನಂತರ ಕರೆದರೆ ಸಿಟ್ಟಿಲ್ಲದೆ ಬರುತ್ತಾರೆ. ಕತ್ತಲಲ್ಲಿಟ್ಟವರನ್ನು ಕರೆದರೆ ಬರಬಹುದು, ಬಂದರೂ ಆ ಕಂಪನಿಯ ಮಾತನ್ನು ಎಷ್ಟು ನಂಬಬೇಕೆಂಬ ಪಾಠ ಕಲಿತೇ ಬರುತ್ತಾರೆ.

ಇನ್ನೊಂದು ಕಾರಣ ಮಧ್ಯವರ್ತಿಗಳದ್ದು. ಕನ್ಸಲ್ಟೆನ್ಸಿಯ ಮೂಲಕ ಹೋದ ಅಭ್ಯರ್ಥಿಗೆ ಕಂಪನಿ ನೇರವಾಗಿ ಏನೂ ಹೇಳುವುದಿಲ್ಲ, ಕನ್ಸಲ್ಟೆಂಟ್‌ಗೆ ಹೇಳುತ್ತದೆ. ಕನ್ಸಲ್ಟೆಂಟ್‌ಗೆ ದುಡ್ಡು ಬರುವುದು ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲೆ. ಸಾಮಾನ್ಯವಾಗಿ ವರ್ಷದ ಪ್ಯಾಕೇಜಿನ ಶೇ. 8.33, ಅಂದರೆ ಒಂದು ತಿಂಗಳ ಸಂಬಳದಷ್ಟು. ಆಯ್ಕೆಯಾಗದವರಿಗೆ ಫೋನ್ ಮಾಡಿದರೆ ಬರುವುದು ಸೊನ್ನೆ. ಕಂಪನಿಯೊಳಗಿನ ರೆಕ್ರೂಟರ್ ಕಥೆಯೂ ಹೀಗೇ. ತಿಂಗಳ ಕೊನೆಗೆ ಅವರನ್ನು ಕೇಳುವುದು ಎಷ್ಟು ಹುದ್ದೆ ತುಂಬಿದಿರಿ, ಎಷ್ಟು ದಿನದಲ್ಲಿ ತುಂಬಿದಿರಿ ಎಂದು. ಆಯ್ಕೆಯಾಗದೆ ಉಳಿದವರಲ್ಲಿ ಎಷ್ಟು ಜನಕ್ಕೆ ಉತ್ತರ ಕೊಟ್ಟಿರಿ ಎಂದು ಮೇಲಿನವರು ಕೇಳಿದ್ದನ್ನು ನಾನು ಕಂಡಿಲ್ಲ. ಅರ್ಜಿಗಳನ್ನು ನಿಭಾಯಿಸುವ ಸಾಫ್ಟ್‌ವೇರ್‌ಗಳಲ್ಲಿ ಒಂದು ಗುಂಡಿ ಒತ್ತಿದರೆ ನೂರು ಜನಕ್ಕೂ ಮೇಲ್ ಹೋಗುವ ಏರ್ಪಾಡು ಇದ್ದೇ ಇದೆ. ಆ ಗುಂಡಿ ಒತ್ತುವುದು ಯಾರ ಕೆಲಸ ಎಂದು ಬರೆದಿಟ್ಟಿರುವುದಿಲ್ಲ. ಸಂದರ್ಶನ ಮಾಡಿದ ಮ್ಯಾನೇಜರ್ ಎಚ್.ಆರ್. ಹೇಳುತ್ತಾರೆ ಎಂದುಕೊಳ್ಳುತ್ತಾರೆ, ಎಚ್.ಆರ್.ನವರು ಮ್ಯಾನೇಜರ್ ಫೀಡ್‌ಬ್ಯಾಕ್ ಕೊಟ್ಟೇ ಇಲ್ಲ ಎನ್ನುತ್ತಾರೆ.

ಕೊನೆಯದು ನಮ್ಮ ದಾಕ್ಷಿಣ್ಯ. ಎದುರಿಗಿದ್ದವರಿಗೆ ಇಲ್ಲ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಆದರೂ ಇದೇ ದಾಕ್ಷಿಣ್ಯದ ಸಮಾಜ ಹೆಣ್ಣು ನೋಡಿ ಬಂದ ಮನೆಗೆ ಇಲ್ಲ ಎನ್ನುವ ದಾರಿಯನ್ನು ಕಂಡುಕೊಂಡಿತ್ತು. ಉಪ್ಪಿಟ್ಟು, ಕೇಸರಿಬಾತು ತಿಂದು ಬಂದ ಮೇಲೆ ನಡುವಿನ ಹಿರಿಯರೊಬ್ಬರ ಮೂಲಕ, ವಾರದೊಳಗೆ, “ಜಾತಕ ಕೂಡಿ ಬರಲಿಲ್ಲವಂತೆ” ಎಂಬ ಮಾತು ಮುಟ್ಟುತ್ತಿತ್ತು. ನಿಜವಾದ ಕಾರಣ ಬೇರೆಯೇ ಇದ್ದೀತು. ಆದರೆ ಆ ಮನೆಯವರು ಇನ್ನೊಂದು ಸಂಬಂಧ ನೋಡಲು ಬಿಡುಗಡೆಯಾಗುತ್ತಿದ್ದರು. ಹೇಳಿಕಳಿಸದೆ ಸುಮ್ಮನಿದ್ದವರನ್ನು ಊರು ಆಡಿಕೊಳ್ಳುತ್ತಿತ್ತು.

ಬೇಗ ಹೇಳುವುದು ದೊಡ್ಡ ಕಂಪನಿಗಳಿಗಷ್ಟೇ ಸಾಧ್ಯ ಎಂಬ ಮಾತನ್ನೂ ನಾನು ನಂಬುವುದಿಲ್ಲ. ಬೆಳಗಿನ ಹತ್ತೂವರೆಗೆ, ನೂಕುನುಗ್ಗಲು ಇಳಿದ ಹೊತ್ತಿನಲ್ಲಿ ಯಾವುದಾದರೂ ದರ್ಶಿನಿಯ ಕ್ಯಾಶ್ ಕೌಂಟರಿನ ಬಳಿ ನಿಂತು ನೋಡಿ. ಹೆಗಲಿಗೆ ಬ್ಯಾಗು ಹಾಕಿಕೊಂಡ ಹುಡುಗ ಬಂದು ಕೆಲಸ ಇದೆಯಾ ಎಂದು ಕೇಳುತ್ತಾನೆ. ಮಾಲೀಕರು ಎರಡು ಪ್ರಶ್ನೆ ಕೇಳುತ್ತಾರೆ. “ಇಲ್ಲಪ್ಪಾ, ನಮಗೀಗ ಬೇಕಾಗಿರೋದು ದೋಸೆ ಹಾಕೋರು. ನಿಂಗೆ ಅದು ಬರಲ್ಲ ಅಂತೀಯ. ಮುಂದಿನ ಸರ್ಕಲ್ ಹತ್ರ ಹೊಸ ಹೋಟ್ಲು ಶುರುವಾಗ್ತಿದೆ, ಅಲ್ಲಿ ಸಪ್ಲೈಗೆ ಜನ ಬೇಕು, ಹೋಗಿ ಕೇಳು. ಕಾಫಿ ಕುಡ್ಕೊಂಡು ಹೋಗು.” ಒಂದು ನಿಮಿಷದಲ್ಲಿ ಉತ್ತರ ಸಿಕ್ಕಿತು, ಕಾರಣ ಗೊತ್ತಾಯಿತು, ಇನ್ನೊಂದು ದಾರಿಯೂ ತೋರಿತು. ಎಂಬಿಎ ಓದಿದ ಎಚ್.ಆರ್. ವಿಭಾಗಗಳು ಕಲಿಯಬೇಕಾದ್ದೆಲ್ಲ ಅದರಲ್ಲಿದೆ.

ಉತ್ತರ ಬಾರದ ಅರ್ಜಿಗಳ ಚರಿತ್ರೆಯಲ್ಲಿ ನನ್ನನ್ನು ಬಹಳ ತಟ್ಟಿದ್ದು 1901ರ ಒಂದು ಪ್ರಸಂಗ. 22 ವರ್ಷದ ಆಲ್ಬರ್ಟ್ ಐನ್‌ಸ್ಟೈನ್ ಆಗ ಮಿಲಾನಿನಲ್ಲಿ ತಂದೆತಾಯಿಯ ಮನೆಯಲ್ಲಿದ್ದರು. ಪದವಿ ಮುಗಿದಿತ್ತು, ಕೆಲಸವಿರಲಿಲ್ಲ. ಸಹಾಯಕನ ಹುದ್ದೆ ಕೇಳಿ ಯುರೋಪಿನ ಹಲವು ಪ್ರಾಧ್ಯಾಪಕರಿಗೆ ಬರೆಯುತ್ತಿದ್ದರು. ಏಪ್ರಿಲ್ 12ರಂದು ಹಾಲೆಂಡಿನ ಲೈಡನ್‌ನಲ್ಲಿದ್ದ ಕಾಮರ್ಲಿಂಗ್ ಆನ್ನೆಸ್ ಅವರಿಗೆ ಬರೆದದ್ದು ಜೋಡಿ ಅಂಚೆ ಕಾರ್ಡಿನಲ್ಲಿ. ಉತ್ತರ ಬರೆಯುವ ಅರ್ಧಕ್ಕೂ ತಾವೇ ಅಂಚೆ ವೆಚ್ಚ ತೆತ್ತಿದ್ದರು. ನಮ್ಮಲ್ಲೂ ಹಿಂದೆ ಇಂಥ ರಿಪ್ಲೈ ಕಾರ್ಡುಗಳು ಅಂಚೆ ಕಚೇರಿಯಲ್ಲಿ ಸಿಗುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆ ಉತ್ತರದ ಅರ್ಧ ಬಳಕೆಯಾಗಲೇ ಇಲ್ಲ. ಲೈಡನ್ನಿನ ಬೂರ್ಹಾವ ವಸ್ತುಸಂಗ್ರಹಾಲಯದಲ್ಲಿ ಅದು ಈಗಲೂ ಖಾಲಿಯಾಗಿಯೇ ಇದೆ.

ಮರುದಿನ, ಏಪ್ರಿಲ್ 13ರಂದು, ಮಗನಿಗೆ ಗೊತ್ತಾಗದಂತೆ ತಂದೆ ಹರ್ಮನ್ ಐನ್‌ಸ್ಟೈನ್ ಲೈಪ್‌ಜಿಗ್‌ನ ರಸಾಯನ ವಿಜ್ಞಾನಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅವರಿಗೆ ಪತ್ರ ಬರೆದರು. ಮಗ ಓಸ್ಟ್‌ವಾಲ್ಡರಿಗೆ ಆಗಲೇ ಎರಡು ಸಲ ಬರೆದು ಕಾಯುತ್ತಿದ್ದ. ಆ ತಂದೆ ಕೇಳಿದ್ದು ಮುಖ್ಯವಾಗಿ ಕೆಲಸವನ್ನಲ್ಲ. ನನ್ನ ಮಗ ಕುಗ್ಗಿಹೋಗಿದ್ದಾನೆ, ಅವನ ಲೇಖನ ಓದಿ, ಮತ್ತೆ ಬದುಕಿನಲ್ಲಿ, ಕೆಲಸದಲ್ಲಿ ಹುರುಪು ಬರುವಂಥ ನಾಲ್ಕು ಮಾತು ಬರೆಯಿರಿ ಎಂದು ಕೇಳಿಕೊಂಡರು. ಅದಕ್ಕೂ ಉತ್ತರ ಬಂದ ದಾಖಲೆಯಿಲ್ಲ. ಮುಂದಿನ ವರ್ಷ ಮಗನಿಗೆ ಬರ್ನ್‌ನ ಪೇಟೆಂಟ್ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅದೇ 1902ರಲ್ಲಿ ತಂದೆ ತೀರಿಕೊಂಡರು. ಐನ್‌ಸ್ಟೈನ್‌ರನ್ನು ನೊಬೆಲ್ ಪ್ರಶಸ್ತಿಗೆ ಮೊತ್ತಮೊದಲು ಸೂಚಿಸಿದ್ದು, 1910ರ ಸಾಲಿಗೆ, ಇದೇ ಓಸ್ಟ್‌ವಾಲ್ಡ್. ಲೈಡನ್ ವಿಶ್ವವಿದ್ಯಾಲಯ 1920ರಲ್ಲಿ ಐನ್‌ಸ್ಟೈನ್‌ರನ್ನು ವಿಶೇಷ ಪ್ರಾಧ್ಯಾಪಕರನ್ನಾಗಿ ಬರಮಾಡಿಕೊಂಡಿತು. ಅರ್ಜಿ ಹಾಕಿದವರೆಲ್ಲ ಐನ್‌ಸ್ಟೈನ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಹಿಂದೆ ನಿಂತು ಕಾಯುವ ಹರ್ಮನ್ ಎಲ್ಲರ ಮನೆಯಲ್ಲೂ ಇರುತ್ತಾರೆ. ಕೊಪ್ಪಳದಿಂದ ರಾತ್ರಿ ಫೋನ್ ಮಾಡುವ ತಾಯಿ ಅವರ ಸಾಲಿನವರೇ.

ದುಡ್ಡಿನ ಭಾಷೆಯಲ್ಲಿ ಮಾತ್ರ ಅರ್ಥವಾಗುವವರಿಗೆ ಬ್ರಿಟನ್ನಿನ ವರ್ಜಿನ್ ಮೀಡಿಯಾ ಕಂಪನಿಯ ಲೆಕ್ಕ ಇದೆ. ಕೇಬಲ್ ಮತ್ತು ಇಂಟರ್ನೆಟ್ ಒದಗಿಸುವ ಆ ಕಂಪನಿ ಕಳೆದ ದಶಕದಲ್ಲಿ ತನ್ನಲ್ಲಿ ಕೆಲಸ ಸಿಗದೆ ಹೋದವರ ಬಗ್ಗೆ ವಿಚಾರಿಸಿ ನೋಡಿತು. ಅವರಲ್ಲಿ ಎಷ್ಟೋ ಜನ ಅದರ ಗ್ರಾಹಕರೇ ಆಗಿದ್ದರು. ತಮ್ಮನ್ನು ನಡೆಸಿಕೊಂಡ ರೀತಿಗೆ ಬೇಸತ್ತು ಸುಮಾರು 7,500 ಮಂದಿ ಸಂಪರ್ಕ ಕಡಿಸಿಕೊಂಡಿದ್ದರು. ವರ್ಷಕ್ಕೆ ಆದ ನಷ್ಟ ಸುಮಾರು 44 ಲಕ್ಷ ಪೌಂಡ್. ಆಮೇಲೆ ಆ ಕಂಪನಿ ತನ್ನ ನೇಮಕಾತಿಯ ಪದ್ಧತಿಯನ್ನೇ ಬದಲಿಸಿತು. ಬೆಂಗಳೂರಿನ ಬ್ಯಾಂಕು, ಟೆಲಿಕಾಂ, ಆಸ್ಪತ್ರೆ ಸರಣಿಗಳಿಗೆ ಬರುವ ಅರ್ಜಿಗಳ ರಾಶಿಯನ್ನು ನೆನೆದರೆ ಇಲ್ಲಿಯೂ ಯಾರಾದರೂ ಕೂತು ಲೆಕ್ಕ ಹಾಕುವುದು ಒಳ್ಳೆಯದು.

ಮೌನದ ಇನ್ನೊಂದು ಅಪಾಯವನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಉತ್ತರಕ್ಕೆ ಕಾಯುತ್ತಿರುವವರು ಮೋಸಗಾರರಿಗೆ ಸುಲಭದ ತುತ್ತು. ಉದ್ಯೋಗ ಪೋರ್ಟಲುಗಳಲ್ಲಿ ಹಾಕಿದ ರೆಸ್ಯೂಮೆಯಲ್ಲಿ ಹೆಸರು, ಫೋನು, ಓದು ಎಲ್ಲ ಇರುತ್ತದೆ. “ನೀವು ಮೊನ್ನೆ ಇಂಟರ್‌ವ್ಯೂ ಕೊಟ್ಟಿದ್ರಲ್ಲ, ಸೆಲೆಕ್ಟ್ ಆಗಿದ್ದೀರಿ. ಲ್ಯಾಪ್‌ಟಾಪ್ ಡೆಪಾಸಿಟ್ ಕಟ್ಟಿದರೆ ಆಫರ್ ಲೆಟರ್ ಕಳಿಸ್ತೀವಿ” ಎಂದು ಕರೆ ಬಂದರೆ, ಒಂದು ತಿಂಗಳಿಂದ ಆ ಮಾತನ್ನೇ ಕೇಳಲು ಹಂಬಲಿಸಿದವರು ಯೋಚನೆ ಮಾಡುವುದು ಕಷ್ಟ. ಕಂಪನಿಯ ಅಧಿಕೃತ ವಿಳಾಸದಿಂದ ‘ಆಯ್ಕೆಯಾಗಿಲ್ಲ’ ಎಂಬ ಒಂದು ಮೇಲ್ ಬಂದಿದ್ದರೆ ಆ ಬಲೆಗೆ ದಾರವೇ ಇರುತ್ತಿರಲಿಲ್ಲ. ಯಾವ ನೆಟ್ಟಗಿನ ಕಂಪನಿಯೂ ಕೆಲಸ ಕೊಡಲು ಹಣ ಕೇಳುವುದಿಲ್ಲ. ಈಗಾಗಲೇ ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಸರ್ಕಾರಿ ನೇಮಕಾತಿಯ ಬಗ್ಗೆ ನಮಗೆಲ್ಲ ದೂರುಗಳಿವೆ. ತಡ ಎನ್ನುವುದರಲ್ಲಿ ಅದನ್ನು ಮೀರಿಸುವವರಿಲ್ಲ. ಆದರೆ ಒಂದು ವಿಷಯದಲ್ಲಿ ಅದು ಖಾಸಗಿಯವರಿಗಿಂತ ಮುಂದಿದೆ. ಅಲ್ಲಿ ಆಯ್ಕೆ ಪಟ್ಟಿ ಪ್ರಕಟವಾಗುತ್ತದೆ, ಕಟ್ ಆಫ್ ಅಂಕ ಗೊತ್ತಾಗುತ್ತದೆ, ಎಷ್ಟರಲ್ಲಿ ತಪ್ಪಿತು ಎಂದು ಅಭ್ಯರ್ಥಿ ಲೆಕ್ಕ ಹಾಕಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ ಅಡಿ ತಮ್ಮ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷೆ ಬರೆದವರಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿತು. ಕೇಂದ್ರ ಲೋಕಸೇವಾ ಆಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಂದರ್ಶನದ ತನಕ ಬಂದು ಕೊನೆಯಲ್ಲಿ ಆಯ್ಕೆ ತಪ್ಪಿದವರ ವಿವರಗಳನ್ನು, ಅವರು ಒಪ್ಪಿದರೆ, ಬೇರೆ ಉದ್ಯೋಗದಾತರ ಮುಂದಿಡುವ ಯೋಜನೆಯನ್ನು 2018ರಿಂದ ನಡೆಸುತ್ತಿದೆ. ಈಗ ಅದರ ಹೆಸರು ಪ್ರತಿಭಾ ಸೇತು. ದರ್ಶಿನಿಯ ಮಾಲೀಕರು ಮುಂದಿನ ಸರ್ಕಲ್ಲಿನ ಹೋಟೆಲು ತೋರಿಸಿದ್ದೂ ಇದೇ ಬಗೆಯ ಕೆಲಸ.

ಜಪಾನಿನಲ್ಲಿ ಇಲ್ಲ ಎನ್ನುವ ಪತ್ರಗಳು ತಪ್ಪದೆ ಬರುತ್ತವೆ ಎಂಬ ಹೆಸರಿದೆ. ‘ನಿಮ್ಮ ಮುಂದಿನ ಯಶಸ್ಸಿಗಾಗಿ ಪ್ರಾರ್ಥಿಸುತ್ತೇವೆ’ ಎಂಬ ಒಂದೇ ಅಚ್ಚಿನ ಸಾಲಿನಲ್ಲಿ ಅವು ಮುಗಿಯುವುದರಿಂದ ಅಲ್ಲಿನ ವಿದ್ಯಾರ್ಥಿಗಳು ಅವನ್ನು ಪ್ರಾರ್ಥನೆ ಮೇಲ್ ಎಂದೇ ಕರೆಯುತ್ತಾರೆ. ಉತ್ತರವೇ ಬಾರದಿದ್ದರೆ ಅದಕ್ಕೆ ಮೌನ ಪ್ರಾರ್ಥನೆ ಎಂಬ ಹೆಸರೂ ಇದೆಯಂತೆ. ಅಚ್ಚಿನ ಪತ್ರವಾದರೂ ಬರಲಿ ಎನ್ನುವವನು ನಾನು. ಆದರೆ ಹೇಗೆ ಬರೆಯುತ್ತೇವೆ ಎನ್ನುವುದೂ ಸಣ್ಣ ವಿಷಯವಲ್ಲ.

ಅರ್ಜಿ ಹಾಕಿ ಸಂದರ್ಶನಕ್ಕೆ ಕರೆ ಬಾರದವರಿಗೆ ಯಂತ್ರದ ಮೇಲ್ ಸಾಕು. ಅವರು ಹೆಚ್ಚೇನೂ ನಿರೀಕ್ಷಿಸುವುದಿಲ್ಲ. ಒಮ್ಮೆ ಎದುರು ಕೂತು ಮಾತಾಡಿ ಹೋದವರಿಗೆ ಅವರ ಹೆಸರು ಹಿಡಿದು, ಬರೆದವರ ಹೆಸರು ಹಾಕಿ ಬರೆಯಬೇಕು. ಮೂರು ಸುತ್ತು ಬಂದವರಿಗೆ ಫೋನ್ ಮಾಡಬೇಕು, ಅದೂ ಅವರೊಡನೆ ಮಾತಾಡಿದವರೇ. ಮಾಡಿದ ಮೇಲೆ ಅದೇ ಮಾತನ್ನು ಮೇಲ್‌ನಲ್ಲೂ ಹಾಕಬೇಕು, ಏಕೆಂದರೆ ಫೋನಿನಲ್ಲಿ ‘ಇಲ್ಲ’ ಎಂದು ಕೇಳಿದ ಮೇಲಿನ ಮಾತುಗಳು ಯಾರ ಕಿವಿಗೂ ಇಳಿಯುವುದಿಲ್ಲ. ನಿರ್ಧಾರವಾದ ಎರಡು ಮೂರು ದಿನಗಳಲ್ಲಿ ಇದು ಮುಗಿಯಬೇಕು. ನಿರ್ಧಾರವೇ ತಡವಾಗುತ್ತಿದ್ದರೆ ತಡವಾಗುತ್ತಿದೆ ಎಂದಾದರೂ ತಿಳಿಸಬೇಕು. ವಾಕ್-ಇನ್‌ಗೆ ಬಂದ ಐ.ಟಿ.ಐ., ಡಿಪ್ಲೊಮಾ ಹುಡುಗರಿಗೆ ಅದೇ ದಿನ ಸಂಜೆ ನಾಲ್ಕರೊಳಗೆ ಹೇಳಿ ಕಳಿಸಿದರೆ ರಾತ್ರಿ ಬಸ್ಸಿಗೆ ಊರಿಗೆ ಹೊರಡುತ್ತಾರೆ, ಲಾಡ್ಜಿನ ದುಡ್ಡು ಉಳಿಯುತ್ತದೆ. ಆದರೆ ಕ್ಯಾಂಪಸ್‌ಗಳಲ್ಲಿ ಮಾಡುವಂತೆ ಎಲ್ಲರನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿ ಆಯ್ಕೆಯಾದವರ ಹೆಸರು ಮಾತ್ರ ಕೂಗುವುದು ನನಗೆ ಒಪ್ಪಿಗೆಯಿಲ್ಲ. ಚಪ್ಪಾಳೆ ಹೊಡೆಯಬೇಕಾದ ಗತಿ ಉಳಿದವರಿಗೆ ಬರಬಾರದು.

ಭಾಷೆಯ ವಿಷಯ ಬಂದರೆ, ಮನೆಯಲ್ಲೂ ಸಂದರ್ಶನದಲ್ಲೂ ಕನ್ನಡದಲ್ಲೇ ಮಾತಾಡಿದ ಹುಡುಗನಿಗೆ ಕನ್ನಡದಲ್ಲೇ ಬರೆಯುವುದು ಸರಿ. ಇಂಗ್ಲಿಷಿನ ಸುತ್ತುಬಳಸಿನ ನಯದಲ್ಲಿ ಇಲ್ಲ ಎನ್ನುವುದು ಎಲ್ಲಿದೆ ಎಂದು ಅವನು ಹುಡುಕಬೇಕಾಗಬಾರದು.

ಆ ಕೊಪ್ಪಳದ ಹುಡುಗಿಗೆ ಬರಬೇಕಾಗಿದ್ದ ಪತ್ರ ಹೀಗಿದ್ದರೆ ಸಾಕಿತ್ತು:

“ನಮಸ್ಕಾರ. ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ನಿಮ್ಮನ್ನು ಆಯ್ಕೆ ಮಾಡಲು ನಮಗೆ ಆಗಲಿಲ್ಲ. ಮೂರು ಸಲ ಬಂದು ಹೋದಿರಿ, ಅದಕ್ಕಾಗಿ ಧನ್ಯವಾದ. ಜಿ.ಎಸ್.ಟಿ. ರಿಟರ್ನ್ಸ್ ತಾವೇ ಸಲ್ಲಿಸಿ ಅನುಭವವಿರುವ ಒಬ್ಬರನ್ನು ತೆಗೆದುಕೊಂಡಿದ್ದೇವೆ. ಟ್ಯಾಲಿಯಲ್ಲಿ ಕೊಟ್ಟ ಪರೀಕ್ಷೆಯನ್ನು ನೀವು ಒಂದೂ ತಪ್ಪಿಲ್ಲದೆ ಮುಗಿಸಿದ್ದೀರಿ. ಜಿ.ಎಸ್.ಟಿ. ಕೆಲಸವನ್ನೂ ಕಲಿತರೆ ಇಂಥ ಹುದ್ದೆಗಳಿಗೆ ನಿಮಗೆ ಅನುಕೂಲವಾಗುತ್ತದೆ. ಏನಾದರೂ ಕೇಳುವುದಿದ್ದರೆ ಈ ನಂಬರಿಗೆ ಕರೆ ಮಾಡಿ.”

ಮೊದಲ ಎರಡು ವಾಕ್ಯಗಳೊಳಗೆ ವಿಷಯ ಬಂದಿದೆ. ಹೊಗಳಿಕೆ ಕಂಡದ್ದಕ್ಕೆ ಮಾತ್ರ. ಕಾರಣ ಕೆಲಸಕ್ಕೆ ಸಂಬಂಧಿಸಿದ್ದು, ಕಲಿಯಬಹುದಾದದ್ದು. ‘ನಮ್ಮ ಕಲ್ಚರ್‌ಗೆ ಹೊಂದುವುದಿಲ್ಲ’, ‘ಕಾನ್ಫಿಡೆನ್ಸ್ ಸಾಲದು’ ಎಂಬಂಥ ತೀರ್ಪುಗಳನ್ನು ಬರೆಯಬಾರದು. ಅವುಗಳಿಂದ ಯಾರೂ ಏನೂ ಕಲಿಯುವುದಿಲ್ಲ, ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗುತ್ತಾರೆ.

ಕಾರಣ ಹೇಳಿದರೆ ಕೋರ್ಟಿಗೆ ಹೋಗುತ್ತಾರೆ ಎಂಬ ಭಯ ಕೆಲವು ಎಚ್.ಆರ್.ಗಳಿಗಿದೆ. ಹೆಣ್ಣೆಂಬ ಕಾರಣಕ್ಕೆ ನೇಮಕಾತಿಯಲ್ಲಿ ಭೇದ ಮಾಡುವುದನ್ನು 1976ರ ಸಮಾನ ವೇತನ ಕಾಯ್ದೆ ನಿಷೇಧಿಸಿತ್ತು, ಈಗಿನ ವೇತನ ಸಂಹಿತೆಯೂ ಲಿಂಗಭೇದವನ್ನು ನಿಷೇಧಿಸುತ್ತದೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿಯೇ ಬಂದ 2019ರ ಕಾಯ್ದೆ ಅವರಿಗೂ ಅದೇ ರಕ್ಷಣೆ ಕೊಟ್ಟಿದೆ. ಮದುವೆ ಯಾವಾಗ, ಮಗು ಯಾವಾಗ ಎಂದು ಕೇಳಿ ಕೈಬಿಟ್ಟವರಿಗೆ ಭಯ ಇರಬೇಕಾದದ್ದೇ. ಜಿ.ಎಸ್.ಟಿ. ಅನುಭವ ನೋಡಿ ಆರಿಸಿದವರು ಹೆದರಬೇಕಾದ್ದೇನಿದೆ?

‘ನಿಮ್ಮ ರೆಸ್ಯೂಮೆಯನ್ನು ನಮ್ಮ ಬಳಿ ಇಟ್ಟುಕೊಂಡಿರುತ್ತೇವೆ’ ಎಂಬ ಮಾಮೂಲಿ ಸಾಲನ್ನೂ ಇನ್ನು ಮುಂದೆ ಯೋಚಿಸಿಯೇ ಬರೆಯಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಯಾವ ಉದ್ದೇಶಕ್ಕೆ ಮಾಹಿತಿ ಪಡೆದರೋ ಅದು ಮುಗಿದ ಮೇಲೆ ಅಳಿಸಬೇಕು ಎನ್ನುವುದು ಆ ಕಾಯ್ದೆಯ ತಿರುಳು. ಆಯ್ಕೆಯಾಗದವರ ಆಧಾರ್ ಪ್ರತಿ, ಸಂಬಳದ ಚೀಟಿಗಳೆಲ್ಲ ಎಷ್ಟು ಕಂಪನಿಗಳ ಮೇಲ್‌ಬಾಕ್ಸ್‌ಗಳಲ್ಲಿ ಹಾಗೇ ಬಿದ್ದಿವೆಯೋ. ಇಟ್ಟುಕೊಳ್ಳಬೇಕೆಂದಿದ್ದರೆ ಒಪ್ಪಿಗೆ ಕೇಳಲಿ, ಬೇಡವಾದರೆ ಅಳಿಸಿದ್ದೇವೆ ಎಂದು ಅದೇ ಪತ್ರದಲ್ಲಿ ಬರೆಯಲಿ.

ಅಭ್ಯರ್ಥಿಗಳೂ ಹೇಳದೆ ಕೇಳದೆ ಕೈಕೊಡುತ್ತಾರಲ್ಲ ಎಂಬ ಆಕ್ಷೇಪಣೆ ಸುಳ್ಳಲ್ಲ. ಸೋಮವಾರದ ಸ್ವಿಚ್ ಆಫ್ ಫೋನಿನ ಹಿಂದೆ ಇರುವವರು ಅವರೇ. ಬರುವುದಿಲ್ಲ ಎಂದು ಶುಕ್ರವಾರವೇ ಹೇಳಿದರೆ ಎರಡನೆಯ ಸ್ಥಾನದಲ್ಲಿ ಕಾಯುತ್ತಿರುವ ಇನ್ನೊಬ್ಬರ ಮನೆಯಲ್ಲಿ ಆ ರಾತ್ರಿ ಎಲ್ಲರೂ ನೆಮ್ಮದಿಯಾಗಿ ಮಲಗುತ್ತಾರೆ ಎಂಬುದನ್ನು ಅವರೂ ಯೋಚಿಸಬೇಕು. ಆದರೆ ಕಂಪನಿಗೆ ಅಭ್ಯರ್ಥಿ ಕೈಕೊಟ್ಟರೆ ಒಂದು ಕುರ್ಚಿ ಕೆಲವು ದಿನ ಖಾಲಿ ಇರುತ್ತದೆ. ಅಭ್ಯರ್ಥಿಗೆ ಕಂಪನಿ ಕೈಕೊಟ್ಟರೆ ಆಗುವ ನಷ್ಟದ ಅಳತೆಯೇ ಬೇರೆ. ಮೊದಲು ಬದಲಾಗಬೇಕಾದವರು ಕಚೇರಿ, ಸಾಫ್ಟ್‌ವೇರ್, ಸಂಬಳದ ಸಿಬ್ಬಂದಿ ಎಲ್ಲ ಇರುವವರು.

ಇಲ್ಲ ಎಂದು ಹೇಳಿದ ಮೇಲೆ ಬರುವ ಪ್ರಶ್ನೆ ಬಹುತೇಕ ಒಂದೇ ಇರುತ್ತದೆ: “ಮತ್ತೆ ಯಾವಾಗ ಅಪ್ಲೈ ಮಾಡಬಹುದು ಸರ್?” ಒಮ್ಮೆ ತಿರಸ್ಕೃತರಾದವರು ಆರು ತಿಂಗಳು ಅರ್ಜಿ ಹಾಕುವಂತಿಲ್ಲ ಎಂಬ ಒಳನಿಯಮ ಬಹಳ ಕಂಪನಿಗಳಲ್ಲಿದೆ, ಅದನ್ನು ಅವು ಹೊರಗೆ ಹೇಳುವುದಿಲ್ಲ. ಅದು ಗೊತ್ತಿಲ್ಲದೆ ಹುಡುಗರು ತಿಂಗಳಿಗೊಂದು ಅರ್ಜಿ ಹಾಕುತ್ತಾರೆ, ಯಂತ್ರ ಓದದೆಯೇ ತಳ್ಳುತ್ತದೆ. ಫೋನ್ ಮಾಡಿದವರು ‘ನೋಡೋಣ’ ಎನ್ನುವ ಬದಲು ತಿಂಗಳ ಹೆಸರು ಹೇಳಿದರೆ ಒಳ್ಳೆಯದು. ಅಕ್ಟೋಬರ್‌ನಲ್ಲಿ ಹಾಕಿ, ಅಷ್ಟರಲ್ಲಿ ಇದನ್ನೊಂದು ಕಲಿತುಕೊಂಡಿರಿ, ಹಾಕಿದಾಗ ನನಗೊಂದು ಮೇಲ್ ಮಾಡಿ ಎಂದರೆ ಆಯಿತು.